ಮಳೆಗಾಲದಲ್ಲಿ ಆರದ ಫೆವಿಕಾಲ್, ಮೇಜಿನ ಮೇಲಿನ ಕರಾವಳಿ ರೈಲು

ಮಾಡೆಲ್ ರೈಲಿನ ವಿಡಿಯೋಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ಅಂಟು ಹಾಕಿ, ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಹೇಳುವವರು ಅಮೆರಿಕದಲ್ಲೋ ಜರ್ಮನಿಯಲ್ಲೋ ಹೀಟರ್ ಹಾಕಿದ ಒಣ ನೆಲಮಾಳಿಗೆಯಲ್ಲಿ ಕೂತಿರುತ್ತಾರೆ. ಇಲ್ಲಿ ಮಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಒಗೆದು ಹಾಕಿದ ಲುಂಗಿಯೇ ಆರುವುದಿಲ್ಲ, ಇನ್ನು ಜಲ್ಲಿಯ ಅಡಿಗೆ ಇಳಿದ ಫೆವಿಕಾಲ್ ಎಲ್ಲಿ ಆರಬೇಕು ಮಾರಾಯ್ರೆ.

ನಮ್ಮ ಕಡೆ ಈ ಹವ್ಯಾಸಕ್ಕೆ ಕೈ ಹಾಕಿದವರು ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಯಾವ ಅಂಟು ಒಳ್ಳೆಯದು? ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ. ಕೇಳಬೇಕಾದ್ದು, ಈ ಅಂಟು ಗಟ್ಟಿಯಾಗುವುದು ಹೇಗೆ ಅಂತ. ಕೆಲವು ಅಂಟು ನೀರು ಬಿಟ್ಟು ಗಟ್ಟಿಯಾಗುತ್ತವೆ, ಬಿಳಿ ಫೆವಿಕಾಲ್ ಮತ್ತು ಮೈದಾ ಅಂಟು ಹಾಗೆ. ಕೆಲವು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತವೆ, ಫೆವಿಕ್ವಿಕ್ ಆ ಜಾತಿ. ರಬ್ಬರ್ ಅಂಟಿನಲ್ಲಿರುವ ಸಾಲ್ವೆಂಟ್, ಅಂದ್ರೆ ಅಂಟನ್ನು ಕರಗಿಸಿಟ್ಟ ದ್ರವ, ಹಾರಿಹೋಗಬೇಕು. ಅರಾಲ್ಡೈಟ್, ಎಂ-ಸೀಲ್ ಥರದ ಎಪಾಕ್ಸಿಗಳು ಎರಡು ಭಾಗ ಕಲಸಿದ ಕೂಡಲೇ ತಮ್ಮೊಳಗೇ ಗಟ್ಟಿಯಾಗಲು ಶುರು ಮಾಡುತ್ತವೆ, ಹೊರಗೆ ಮಳೆ ಬಂದರೂ ಬಿಸಿಲಿದ್ದರೂ ಅವಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ಇಷ್ಟು ಗೊತ್ತಿದ್ದರೆ ಯಾವ ದೇಶದ ವಿಡಿಯೋವನ್ನಾದರೂ ನಮ್ಮ ಹವೆಗೆ ಒಗ್ಗಿಸಿಕೊಳ್ಳಬಹುದು.

ನಾನು ಕಟ್ಟುತ್ತಿರುವುದು ಮುಲ್ಕಿ, ಪಡುಬಿದ್ರಿ ಕಡೆಯ ಹಾಗೆ ಕಾಣುವ ಒಂದು ಸಣ್ಣ ಸ್ಟೇಶನ್, ಪಕ್ಕದಲ್ಲಿ ಹಳಿ ಹೋಗಲು ಕೆಂಪು ಕಲ್ಲು ಕಡಿದು ಮಾಡಿದ ಕಟಿಂಗ್, ಒಂದು ಹೊಳೆ. ಎಚ್‌ಓ ಅಳತೆ, ಅಂದ್ರೆ 1:87, ನಿಜವಾದದ್ದರ 87ರಲ್ಲಿ ಒಂದು ಪಾಲು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಗೊತ್ತಿರುವವರು ಹೇಗೂ ಕೇಳುತ್ತಾರೆ: ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ., ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರಬೇಕು. ಹಾಗಾಗಿ ನನ್ನ ಹಳಿ ಸ್ವಲ್ಪ ಸಪೂರ. ನನಗೆ ಅದರಿಂದ ನಿದ್ದೆ ಕೆಡುವುದಿಲ್ಲ.

ಬಿಳಿ ಫೆವಿಕಾಲಿನಿಂದ ಶುರು ಮಾಡೋಣ, ಯಾಕೆಂದರೆ ಮುಕ್ಕಾಲು ಪಾಲು ಕೆಲಸ ಅದರದ್ದೇ. ಅದರೊಳಗೆ ಇರುವುದು ನೀರಿನಲ್ಲಿ ಕದಡಿದ ಪಿವಿಎ ಪ್ಲಾಸ್ಟಿಕ್ ಕಣಗಳು. ನೀರು ಹೋದಾಗ ಕಣಗಳು ಒಂದಕ್ಕೊಂದು ಅಂಟಿ ಪದರ ಆಗುತ್ತವೆ. ಅಂದ ಮೇಲೆ ನೀರಿಗೆ ಹೊರಗೆ ಹೋಗಲು ದಾರಿ ಬೇಕು. ಮರ, ರಟ್ಟು, ಕಾಗದ, ಮಣ್ಣು ಇದ್ದರೆ ದಾರಿ ಉಂಟು. ಎರಡು ಅಗಲ ಥರ್ಮೋಕೋಲ್ ಶೀಟಿನ ನಡುವೆ ಬಳಿದು ಒತ್ತಿದರೆ ದಾರಿ ಇಲ್ಲ. ಅಂಚಿನಲ್ಲಿ ಗಟ್ಟಿಯಾಗಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ, ಚಾಕು ಹಾಕಿ ಕೊಯ್ದರೆ ಬಿಳಿ ಬಿಳಿ ಮೆತ್ತಗೆ ಹೊರಗೆ ಬರುತ್ತದೆ. ಥರ್ಮೋಕೋಲ್ ಪದರ ಪದರವಾಗಿ ಜೋಡಿಸಿ ಗುಡ್ಡ ಮಾಡುವುದಾದರೆ ಪೂರ್ತಿ ಬಳಿಯಬೇಡಿ. ಗೆರೆ ಗೆರೆಯಾಗಿ ಹಾಕಿ, ಗೆರೆಗಳ ನಡುವೆ ಗಾಳಿ ಓಡಾಡಲು ಜಾಗ ಬಿಡಿ, ಬಿದಿರಿನ ಕಡ್ಡಿ ಚುಚ್ಚಿ ಹಿಡಿಸಿ, ಮೇಲೆ ಭಾರ ಇಟ್ಟು ಮರೆತುಬಿಡಿ.

ಥರ್ಮೋಕೋಲ್ ಎಲ್ಲಿಂದ? ಹೊಸತು ಕೊಳ್ಳುವ ಅಗತ್ಯವೇ ಇಲ್ಲ. ಮಂಗಳೂರಿನ ಧಕ್ಕೆಯಲ್ಲಿ, ಮಲ್ಪೆ ಬಂದರಿನಲ್ಲಿ ಮೀನು ತುಂಬಿಸುವ ಬಾಕ್ಸ್‌ಗಳು ಮುರಿದು ಬಿದ್ದಿರುತ್ತವೆ. ದಪ್ಪ ಒಳ್ಳೆಯದು, ಗಟ್ಟಿ. ವಾಸನೆ ಮಾತ್ರ ನಿಮ್ಮ ಜವಾಬ್ದಾರಿ. ಸಾಬೂನು ನೀರಲ್ಲಿ ತಿಕ್ಕಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಒಳಗೆ ತನ್ನಿ, ಇಲ್ಲದಿದ್ದರೆ ಮೊದಲು ಬೆಕ್ಕು ಬರುತ್ತದೆ, ಆಮೇಲೆ ಮನೆಯವರು ಬರುತ್ತಾರೆ.

ಥರ್ಮೋಕೋಲಿನ ವೈರಿಗಳು ಯಾರು ಅಂತ ಗೊತ್ತಿರಬೇಕು. ಚಪ್ಪಲಿ, ರೆಕ್ಸಿನ್ ಅಂಟಿಸುವ ಹಳದಿ ರಬ್ಬರ್ ಅಂಟು ಅದನ್ನು ಕಣ್ಣೆದುರೇ ತಿಂದು ಗುಳಿ ಮಾಡುತ್ತದೆ, ಒಳಗಿನ ಸಾಲ್ವೆಂಟ್‌ನ ಕೆಲಸ ಅದು. ಹೆಚ್ಚಿನ ಸ್ಪ್ರೇ ಪೇಂಟ್‌ಗಳೂ ಹಾಗೆಯೇ. ಫೆವಿಕ್ವಿಕ್ ಜಾಸ್ತಿ ಸುರಿದರೆ ಅದೂ ಕರಗಿಸುತ್ತದೆ. ಇನ್ನೊಂದು ನಮ್ಮ ಊರಿನದ್ದೇ ಅಪಾಯ: ಇಲ್ಲಿ ಫೈಬರ್ ದೋಣಿ ಮಾಡುವವರು ಇರುವುದರಿಂದ ಪಾಲಿಯೆಸ್ಟರ್ ರೆಸಿನ್ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ರೆಸಿನ್ ಅಂದ್ರೆ ರೆಸಿನ್ ಅಲ್ವಾ ಅಂತ ಹೊಳೆಯ ನೀರು ಮಾಡಲು ತಂದು ಥರ್ಮೋಕೋಲ್ ಮೇಲೆ ಹೊಯ್ದರೆ ಹೊಳೆ ನೇರ ಮೇಜಿನ ತಳಕ್ಕೆ ಇಳಿಯುತ್ತದೆ. ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ. ಎಪಾಕ್ಸಿ ರೆಸಿನ್ ಬೇರೆ, ಅದು ಕರಗಿಸುವುದಿಲ್ಲ.

ಇನ್ನು ಜಲ್ಲಿ. ಲೇಔಟ್, ಅಂದ್ರೆ ಮೇಜಿನ ಮೇಲೆ ಕಟ್ಟಿದ ಈ ರೈಲು ಊರು, ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಎಂಜಿನ್ ಮೇಲೆ, ಆದರೆ ನಂಬಿಕೆ ಹುಟ್ಟಿಸುವುದು ಹಳಿಯ ಅಡಿಯ ಜಲ್ಲಿ. ನಿಜವಾದ ಹಳಿಗೆ ನಮ್ಮ ರೈಲ್ವೆಯವರು ಹಾಕುವ ಜಲ್ಲಿ ಸುಮಾರು 20ರಿಂದ 65 ಮಿ.ಮೀ. ಗಾತ್ರದ್ದು. 1:87ಕ್ಕೆ ಇಳಿಸಿದರೆ ಕಾಲು ಮಿ.ಮೀ.ನಿಂದ ಮುಕ್ಕಾಲು ಮಿ.ಮೀ. ಅಷ್ಟೇ. ಪ್ಯಾಕೆಟ್‌ನಲ್ಲಿ ಮಾರುವ ವಿದೇಶಿ ಜಲ್ಲಿ ಕೆಲವು ಇದಕ್ಕಿಂತ ದಪ್ಪ ಇರುತ್ತವೆ, ಹಳಿಯ ನಡುವೆ ಬಂಡೆ ಬಿದ್ದ ಹಾಗೆ ಕಾಣುತ್ತದೆ. ಮನೆ ಕಟ್ಟುವ ಜಾಗದಿಂದ ಒಂದು ಚೀಲ ಎಂ-ಸ್ಯಾಂಡ್, ಅಂದ್ರೆ ಕಲ್ಲು ಹುಡಿ ಮಾಡಿದ ಮರಳು, ಕೇಳಿ ತನ್ನಿ. ತೊಳೆದು ಒಣಗಿಸಿ, ಚಾ ಸೋಸುವ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದದ್ದನ್ನು ಮತ್ತೆ ಮೈದಾ ಜರಡಿಗೆ ಹಾಕಿ ಹುಡಿ ತೆಗೆದುಬಿಡಿ. ಮೈದಾ ಜರಡಿಯಲ್ಲಿ ಉಳಿದದ್ದು ನಿಮ್ಮ ಜಲ್ಲಿ. ನಿಜವಾದ ಕಲ್ಲೇ ಆದ್ದರಿಂದ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಜಾಲಿಸಿದ ಮೇಲೆ ಒಂದು ಕೆಲಸ ಖಂಡಿತ ಮಾಡಿ. ಹಳೆಯ ಸ್ಪೀಕರಿನ ಮ್ಯಾಗ್ನೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮರಳಿನ ಮೇಲೆ ಆಡಿಸಿ. ಕಪ್ಪು ಹುಡಿ ಮೀಸೆಯ ಹಾಗೆ ಎದ್ದು ನಿಲ್ಲುತ್ತದೆ. ಈ ಕಣಗಳು ಎಂಜಿನ್ನಿನ ಮೋಟರಿನ ಮ್ಯಾಗ್ನೆಟ್‌ಗೆ ಅಂಟಿಕೊಂಡರೆ ಗಿಯರ್ ಸವೆದು, ಮೋಟರ್ ಹಾಳಾಗುತ್ತದೆ. ಪಣಂಬೂರು, ಸುರತ್ಕಲ್ ಕಡಲ ತೀರದ ಮರಳು ತರುವ ಆಸೆ ಇದ್ದರೆ ಅದರಲ್ಲಿ ಕಪ್ಪು ಮರಳು ಇನ್ನೂ ಜಾಸ್ತಿ, ಜೊತೆಗೆ ಉಪ್ಪು. ಉಪ್ಪು ಗಾಳಿಯ ತೇವ ಎಳೆದುಕೊಂಡು ಯಾವಾಗಲೂ ಒದ್ದೆ ಒದ್ದೆ ಮಾಡುತ್ತದೆ, ತಂತಿಯ ಬೆಸುಗೆ ಹಸಿರುಗಟ್ಟುತ್ತದೆ. ಸಿಹಿನೀರಿನಲ್ಲಿ ನಾಲ್ಕೈದು ಸಲ ತೊಳೆಯದೆ ಅದನ್ನು ಒಳಗೆ ತರಬೇಡಿ.

ಜಲ್ಲಿ ಹಾಕುವ ಕೆಲಸ ನಿಧಾನದ್ದು. ಒಂದು ಅಡಿ ಉದ್ದ ತೆಗೆದುಕೊಳ್ಳಿ, ಜಾಸ್ತಿ ಬೇಡ. ಮಡಚಿದ ಕಾಗದದಿಂದ ಜಲ್ಲಿ ಸುರಿದು, ಮೆತ್ತಗಿನ ಬ್ರಶ್‌ನಿಂದ ಸ್ಲೀಪರ್‌ಗಳ (ಹಳಿಯ ಅಡಿಯ ಅಡ್ಡಪಟ್ಟಿಗಳ) ನಡುವೆ ಕೂರಿಸಿ. ಹಳಿಯ ಪಕ್ಕಕ್ಕೆ ಅಂಟಿದ ಒಂದೊಂದು ಕಾಳನ್ನೂ ಬೆರಳಿನಿಂದ ಹಳಿ ತಟ್ಟಿ ಬೀಳಿಸಿ. ಒಣಗಿರುವಾಗಲೇ ಇದು ನೂರಕ್ಕೆ ನೂರು ಸರಿ ಕಾಣಬೇಕು, ಅಂಟು ಬಿದ್ದ ಮೇಲೆ ಏನೂ ತಿದ್ದಲು ಆಗುವುದಿಲ್ಲ. ಆಮೇಲೆ ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ಪಾತ್ರೆ ತೊಳೆಯುವ ವಿಮ್ ಲಿಕ್ವಿಡ್ ಒಂದೆರಡು ಹನಿ, ಇಲ್ಲವೇ ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ. ಮೇಲಕ್ಕೆ ಗಾಳಿಗೆ ಹೊಡೆಯಿರಿ, ಮಂಜಿನಂತೆ ತಾನಾಗಿ ಕೆಳಗೆ ಬೀಳಲಿ. ನೇರ ಹೊಡೆದರೆ ಜಲ್ಲಿ ಹಾರಿ ಗುಳಿ ಬೀಳುತ್ತದೆ.

ಈ ಸಾಬೂನಿನ ಹನಿ ಯಾಕೆ ಅಂತ ಒಮ್ಮೆ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಒಣ ಜಲ್ಲಿಯ ಮೇಲೆ ಬರೀ ಅಂಟುನೀರಿನ ಹನಿ ಬಿಟ್ಟರೆ ಅದು ಒಳಗೆ ಇಳಿಯುವುದಿಲ್ಲ. ಗುಂಡಗೆ ನಿಂತು, ಸುತ್ತಲಿನ ಕಾಳುಗಳನ್ನು ಮೈಗೆ ಅಂಟಿಸಿಕೊಂಡು ಉರುಳುತ್ತದೆ, ಹೋದಲ್ಲೆಲ್ಲ ಒಂದು ಗುಳಿ ಬಿಡುತ್ತದೆ. ಮೊದಲೇ ಒದ್ದೆ ಮಾಡಿದ ಜಲ್ಲಿಯ ಮೇಲೆ ಅದೇ ಹನಿ ಬಿದ್ದ ಕ್ಷಣ ಮಾಯ. ಬಿಳಿ ಬಣ್ಣ ಸ್ಲೀಪರಿನ ಅಡಿಗೆ ಹರಿದು ಆಚೆ ಬದಿಯಲ್ಲಿ ಕಾಣಿಸುತ್ತದೆ, ಒಂದು ಕಾಳೂ ಅಲ್ಲಾಡಿರುವುದಿಲ್ಲ. ಅಂಟು ಒಂದು ಪಾಲು, ನೀರು ಎರಡು ಪಾಲು, ಮಕ್ಕಳ ಔಷಧಿಯ ಡ್ರಾಪರ್‌ನಿಂದ ಹನಿ ಹನಿಯಾಗಿ ಬಿಡುತ್ತಾ ಹೋಗಿ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಪಾಯಿಂಟ್ ಇರುವಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಅಲ್ಲಾಡುವ ಹಳಿಯ ತುದಿಗೆ ಸೂಜಿಯಿಂದ ಒಂದು ಹನಿ ಎಣ್ಣೆ ಮುಟ್ಟಿಸಿ, ಅದರ ಹತ್ತಿರ ಅಂಟೇ ಬೇಡ, ನಾಲ್ಕು ಕಾಳು ಸಡಿಲ ಇದ್ದರೆ ಯಾರೂ ಕೇಳುವುದಿಲ್ಲ.

ಈ ಕೆಲಸಕ್ಕೆ ವಾಟರ್‌ಪ್ರೂಫ್ ಮರೈನ್ ಫೆವಿಕಾಲ್ ಉಪಯೋಗಿಸಿ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಹೇಳುತ್ತಾರೆ. "ಶೆಟ್ರೇ, ನನಗೆ ಸಾದಾ ಬಿಳಿಯದ್ದೇ ಕೊಡಿ" ಅಂದ್ರೆ ಮುಖ ನೋಡುತ್ತಾರೆ. ಸಾದಾ ಅಂಟಿನ ದೊಡ್ಡ ಗುಣ ಅದರ ದೌರ್ಬಲ್ಯವೇ. ನಾಳೆ ಹಳಿ ಬದಲಾಯಿಸಬೇಕು ಅಂದರೆ ಬಿಸಿನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಬಿಡುತ್ತದೆ, ಹಳಿಯೂ ಉಳಿಯುತ್ತದೆ ಜಲ್ಲಿಯೂ ಉಳಿಯುತ್ತದೆ. ಮರೈನ್ ಹಾಕಿದರೆ ಉಳಿಯಿಂದ ಕೆತ್ತಬೇಕು. ಹಾಗಂತ ಸಾದಾ ಅಂಟು ಮಳೆಗಾಲದಲ್ಲಿ ತೇವ ಹಿಡಿದು ಸ್ವಲ್ಪ ಬಿಳಿಚಿಕೊಳ್ಳುವುದು ಉಂಟು. ಅದು ಕಣ್ಣಿಗೆ ಹೊಡೆಯುವವರು ಚಿತ್ರ ಕಲೆಯ ಅಂಗಡಿಯಲ್ಲಿ ಸಿಗುವ ಆಕ್ರಿಲಿಕ್ ಮ್ಯಾಟ್ ಮೀಡಿಯಂ ಹಾಕಬಹುದು, ಹೊಳಪಿಲ್ಲದೆ ಆರುತ್ತದೆ, ತೇವಕ್ಕೂ ಅಷ್ಟು ಬೇಗ ಮಣಿಯುವುದಿಲ್ಲ. ದುಬಾರಿ. ಎದುರಿಗೆ ಕಾಣುವ ಎರಡು ಅಡಿಗೆ ಅದು, ಹಿಂದಕ್ಕೆ ಫೆವಿಕಾಲ್ ಅಂತ ನನ್ನ ಲೆಕ್ಕ.

ಹಳಿ ಕೂರಿಸುವುದಕ್ಕೆ ಮೊಳೆ ಬೇಡ, ಕಬ್ಬಿಣದ ಮೊಳೆ ಇಲ್ಲಿ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಸ್ಲೀಪರ್ ಮೇಲೆ ಕಂದು ಕಲೆ ಬಿಡುತ್ತದೆ. ಪೇಂಟ್ ಅಂಗಡಿಯಲ್ಲಿ ಕಿಟಕಿ ಚೌಕಟ್ಟಿನ ಸಂದು ತುಂಬಲು ಕೊಡುವ ಆಕ್ರಿಲಿಕ್ ಸೀಲೆಂಟ್ ತೆಳ್ಳಗೆ ಬಳಿದು ಹಳಿ ಒತ್ತಿ. ಆರಿದ ಮೇಲೂ ಸ್ವಲ್ಪ ಬಾಗುತ್ತದೆ, ಅದೇ ಬೇಕಾದ್ದು. ಮಳೆಗಾಲಕ್ಕೆ ಪ್ಲೈವುಡ್ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಹಳಿ ಅದರ ಜೊತೆ ಹೊಂದಿಕೊಳ್ಳಬೇಕು. ಅಕ್ವೇರಿಯಂಗೆ ಹಾಕುವ ಸಿಲಿಕೋನ್ ತಂದರೆ ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಆರುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ, ತಂತಿ ಮತ್ತು ಬೆಸುಗೆಯ ಹತ್ತಿರಕ್ಕೂ ತರಬೇಡಿ. ಪ್ಲೈವುಡ್ ಬಗ್ಗೆ ಹೇಳುವುದಾದರೆ, ಕುದಿನೀರಿಗೂ ಬಿಡದ ಬಿಡಬ್ಲ್ಯುಪಿ ಮರೈನ್ ಪ್ಲೈ ತಂದು ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಪ್ರೈಮರ್ ಹೊಡೆಯಿರಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕರಾವಳಿಗೆ ಹೇಳಿ ಮಾಡಿಸಿದ್ದಲ್ಲ.

ಫೆವಿಕ್ವಿಕ್ ಬಗೆಯ ಸೂಪರ್ ಗ್ಲೂ ನಮ್ಮ ಊರಿಗೆ ಬಂದರೆ ಹುಲಿ. ಗಾಳಿಯಲ್ಲೇ ಅದಕ್ಕೆ ಬೇಕಾದ ತೇವ ಇರುವುದರಿಂದ ಮಳೆಗಾಲದಲ್ಲಿ ಭಾಗವನ್ನು ಸರಿಪಡಿಸಿ ಕೂರಿಸಲೂ ಪುರುಸೊತ್ತು ಕೊಡುವುದಿಲ್ಲ. ಕೈ ಅಷ್ಟು ಚುರುಕಿಲ್ಲದಿದ್ದರೆ ಜೆಲ್ ರೂಪದ್ದು ಒಳ್ಳೆಯದು. ಆದರೆ ಅದೇ ತೇವದಿಂದ ಇನ್ನೊಂದು ತೊಂದರೆ: ಅಂಟಿನಿಂದ ಎದ್ದ ಆವಿ ಸುತ್ತಮುತ್ತ ಕೂತು ಬಿಳಿ ಹೊಗೆ ಹಿಡಿದ ಹಾಗೆ ಕಾಣುತ್ತದೆ. ಬೋಗಿಯ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್‌ಗೆ ಇದನ್ನು ಹಾಕಿದರೆ ಕಿಟಕಿ ಕುರುಡಾಗುತ್ತದೆ. ಕಿಟಕಿಗೆ ಬಿಳಿ ಅಂಟೇ ಸರಿ, ಆರಿದ ಮೇಲೆ ಗಾಜಿನ ಹಾಗೆ ಕಾಣುತ್ತದೆ. ಒಡೆದ ಟ್ಯೂಬನ್ನು ಗಾಳಿ ಆಡದ ಡಬ್ಬಿಯಲ್ಲಿ, ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಫ್ರಿಜ್‌ನಲ್ಲಿಡಿ. ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ತಣ್ಣಗಿನ ಟ್ಯೂಬಿಗೆ ನೀರು ಕೂರುತ್ತದೆ.

ಗುಡ್ಡದ ಮೇಲ್ಮೈಗೆ ಬರೋಣ. ಇದಕ್ಕೆ ಒಳ್ಳೆಯ ಗುರುಗಳು ಯೂಟ್ಯೂಬಿನಲ್ಲಿಲ್ಲ, ಇಲ್ಲೇ ಇದ್ದಾರೆ. ಮಂಗಳೂರು ದಸರಾಕ್ಕೆ, ಅಷ್ಟಮಿಯ ಮೊಸರುಕುಡಿಕೆಗೆ ಟ್ಯಾಬ್ಲೋ ಮಾಡುವವರು ಬಿದಿರು, ಹಳೆ ಪೇಪರ್, ಬಟ್ಟೆ, ಮೈದಾ ಅಂಟಿನಲ್ಲಿ ಲಾರಿಯ ಮೇಲೆ ಆಳೆತ್ತರದ ಬಂಡೆ ಎಬ್ಬಿಸುತ್ತಾರೆ. ಅವರ ಕೆಲಸ ಒಂದು ರಾತ್ರಿ ನಿಂತರೆ ಸಾಕು, ನಮ್ಮದು ವರ್ಷಗಟ್ಟಲೆ ನಿಲ್ಲಬೇಕು ಅನ್ನುವುದೊಂದೇ ವ್ಯತ್ಯಾಸ. ಮೈದಾ ಅಂಟು ಜಿರಳೆಗೆ ಹಬ್ಬದೂಟ, ಮಳೆಗಾಲದಲ್ಲಿ ಬೂಸ್ಟು. ಪೋಸ್ಟರ್ ಅಂಟಿಸುವವರು ಅದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅಡಿಕೆ ತೋಟ ಇರುವವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ತಂದದ್ದು ಹೇಗೂ ಇರುತ್ತದೆ, ಒಂದು ಚಿಟಿಕೆ ಸಾಕು. ಆದರೆ ಅದು ವಿಷ. ಮಕ್ಕಳು ಇರುವ ಮನೆಯಲ್ಲಿ, ಮಕ್ಕಳು ಮುಟ್ಟುವ ಲೇಔಟಿನಲ್ಲಿ ಅದನ್ನು ಬಿಟ್ಟು ಪೇಪರ್ ಚೂರುಗಳನ್ನು ನೀರು ಬೆರೆಸಿದ ಫೆವಿಕಾಲಿನಲ್ಲೇ ಅದ್ದಿ.

ಅದಕ್ಕಿಂತಲೂ ನನಗೆ ಇಷ್ಟ ಪ್ಲಾಸ್ಟರ್ ಆಫ್ ಪ್ಯಾರಿಸ್. ಇದು ನೀರನ್ನು ಒಳಗೆ ಸೇರಿಸಿಕೊಂಡು ಹರಳುಗಟ್ಟುತ್ತದೆ, ಹಾಗಾಗಿ ಎಂಥ ಮಳೆಯಲ್ಲೂ ಅರ್ಧ ಗಂಟೆಯೊಳಗೆ ಗಟ್ಟಿ. ಮೂಳೆ ಮುರಿದವರಿಗೆ ಸುತ್ತುವ ಪ್ಲಾಸ್ಟರ್ ಬ್ಯಾಂಡೇಜ್ ಮೆಡಿಕಲ್‌ನಲ್ಲಿ ಸಿಗುತ್ತದೆ, ಒದ್ದೆ ಮಾಡಿ ಗುಡ್ಡದ ಮೇಲೆ ಹಾಸಿದರೆ ಆಯ್ತು. ಗಟ್ಟಿಯಾಯಿತು ಅಂತ ಕೂಡಲೇ ಬಣ್ಣ ಬಳಿಯಬೇಡಿ, ಜಾಸ್ತಿಯಾದ ನೀರು ಹೊರಗೆ ಹೋಗಲು ಇನ್ನೂ ದಿನಗಳು ಬೇಕು. ಹುಡಿಯ ಪ್ಯಾಕೆಟ್ ಒಡೆದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ತೇವ ಕುಡಿದ ಹುಡಿ ಗಂಟು ಕಟ್ಟುತ್ತದೆ, ಆಮೇಲೆ ಬಲ ಬರುವುದಿಲ್ಲ.

ಕೆಂಪು ಕಲ್ಲಿನ ಕಟಿಂಗ್ ನಾನು ಅತಿ ಹೆಚ್ಚು ಹೊತ್ತು ಕಳೆದ ಜಾಗ. ಕೊಂಕಣ ರೈಲ್ವೆಯಲ್ಲಿ ಕೂತು ಉಡುಪಿಯ ಕಡೆ ಹೋಗುವಾಗ ಕಿಟಕಿಯಿಂದ ಗಮನಿಸಿ, ಗೋಡೆ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ ಇಲ್ಲ. ಮೇಲೆ ಕಪ್ಪುಗಟ್ಟಿದ ಗಟ್ಟಿ ಕಲ್ಲು, ತೂತು ತೂತು. ಕೆಳಗೆ ಇಳಿದಂತೆ ಹಳದಿ, ನಸುಗೆಂಪು, ಬಿಳಿ ಬೆರೆತ ಶೇಡಿ ಮಣ್ಣು. ಮಳೆಗೆ ಮೊದಲು ಜಾರುವುದು ಈ ಶೇಡಿ ಮಣ್ಣೇ, ಅದಕ್ಕೇ ಎಷ್ಟೋ ಕಡೆ ಗೋಡೆಗೆ ತಂತಿ ಬಲೆ ಹೊದಿಸಿದ್ದಾರೆ, ಕೆಳಗೆ ತಡೆಗೋಡೆ ಕಟ್ಟಿದ್ದಾರೆ. ಮಾಡೆಲ್‌ನಲ್ಲಿ ಹರಿದ ಸೊಳ್ಳೆ ಪರದೆಯ ಒಂದು ತುಂಡಿಗೆ ಬೂದು ಬಣ್ಣ ಹಚ್ಚಿ ಹೊದಿಸಿ ನೋಡಿ, ಊರಿನವರು ಕೂಡಲೇ ಗುರುತು ಹಿಡಿಯುತ್ತಾರೆ.

ಗೋಡೆಗೆ ಪ್ಲಾಸ್ಟರ್ ಬೆರಳು ದಪ್ಪ ಬಳಿದು, ಅರ್ಧ ಗಟ್ಟಿಯಾಗಿ ಉಗುರು ಇಳಿಯುತ್ತದೆ ಅನ್ನುವಾಗ ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಒತ್ತಿ ತೆಗೆಯಿರಿ. ತೂತುಗಳು ತಾವಾಗಿ ಬರುತ್ತವೆ. ಕಲ್ಲು ಕೊಯ್ದ ಗೆರೆಗಳಿಗೆ ಹಳೆಯ ಹ್ಯಾಕ್ಸಾ ಬ್ಲೇಡ್ ಎಳೆಯಿರಿ. ಬಣ್ಣ ತೆಳು ತೆಳುವಾಗಿ, ನೀರಿನ ಹಾಗೆ: ಮೊದಲು ಹಳದಿ ಕಾವಿ, ಅದು ಆರಿದ ಮೇಲೆ ಇಟ್ಟಿಗೆ ಕೆಂಪು, ಕೊನೆಗೆ ಕಪ್ಪಿನ ತೆಳು ನೀರು ಮೇಲಿನಿಂದ ಹರಿಯಬಿಡಿ, ತೂತುಗಳಲ್ಲಿ ನಿಲ್ಲುತ್ತದೆ. ದಪ್ಪ ಕೆಂಪು ಒಂದೇ ಸಲ ಬಳಿದರೆ ಕಲ್ಲು ಕಾಣುವುದಿಲ್ಲ, ಪಂಚಾಯತ್ ಕಟ್ಟಡದ ಗೋಡೆ ಕಾಣುತ್ತದೆ. ಗೋಡೆಯ ಬುಡದಲ್ಲಿ ನಿಜವಾದ ಕೆಂಪು ಮಣ್ಣನ್ನೇ ನುಣ್ಣಗೆ ಜಾಲಿಸಿ ಚೆಲ್ಲಿ. ಅದನ್ನು ಮೊದಲು ಬಾಣಲೆಯಲ್ಲಿ ಚೆನ್ನಾಗಿ ಹುರಿಯಬೇಕು, ಇಲ್ಲದಿದ್ದರೆ ಒಳಗಿನ ಬೀಜ ಮೊಳೆತು ಹಳಿಯ ಪಕ್ಕ ನಿಜವಾದ ಹುಲ್ಲು ಏಳುತ್ತದೆ. ಹುರಿಯಲು ಬೇರೆ ಬಾಣಲೆ ಇಟ್ಟುಕೊಳ್ಳಿ, ಯಾಕೆ ಅಂತ ಹೇಳಬೇಕಾಗಿಲ್ಲ. ಮ್ಯಾಗ್ನೆಟ್ ಇದಕ್ಕೂ ಆಡಿಸಿ.

ಹಂಚಿನ ಮಾಡಿಗೆ ಒಂದು ಉಪಾಯ ಉಂಟು. ಬಾಸೆಲ್ ಮಿಶನ್‌ನ ಕ್ರೈಸ್ತ ಮಿಶನರಿಗಳು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಜಗತ್ತೆಲ್ಲ ಹರಡಿದ ಹಂಚು ನಮ್ಮದು, ನಮ್ಮ ಸ್ಟೇಶನ್ನಿಗೆ ಪ್ಯಾಕೆಟ್‌ನಲ್ಲಿ ಬರುವ ಜರ್ಮನ್ ಹಳ್ಳಿಯ ಮಾಡು ಕೂರಿಸಲು ಆಗುತ್ತದಾ? ಹಂಚು ಸುಮಾರು 41 ಸೆಂ.ಮೀ. ಉದ್ದ, 23.5 ಸೆಂ.ಮೀ. ಅಗಲ, 1:87ಕ್ಕೆ 4.7 ಮತ್ತು 2.7 ಮಿ.ಮೀ. ಒಂದು ಹಂಚಿಗೆ ಎರಡು ಕಾಲುವೆ ಅಂತ ಹಿಡಿದರೆ ಕಾಲುವೆಗೆ ಹತ್ತಿರ ಹತ್ತಿರ 1.35 ಮಿ.ಮೀ. ಸಾದಾ ಎಂ8 (8 ಮಿ.ಮೀ. ದಪ್ಪದ) ಬೋಲ್ಟಿನ ಥ್ರೆಡ್‌ಗಳ ಅಂತರ 1.25 ಮಿ.ಮೀ., ಹತ್ತಿರವೇ ಬಂತು. ಊಟದ ಪಾರ್ಸೆಲ್ ಬರುವ ದಪ್ಪ ಅಲ್ಯುಮಿನಿಯಂ ಡಬ್ಬಿಯನ್ನು ಐದು ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, ಮೌಸ್ ಪ್ಯಾಡ್ ಮೇಲಿಟ್ಟು, ಬೋಲ್ಟನ್ನು ಒತ್ತಿ ಉರುಳಿಸಿ. ಪಟ್ಟಿಗಳನ್ನು ರಟ್ಟಿನ ಮೇಲೆ ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಅಂಟಿಸುತ್ತಾ ಬನ್ನಿ. ಇಲ್ಲಿ ಮಾತ್ರ ರಬ್ಬರ್ ಅಂಟಿಗೆ ಕೆಲಸ ಉಂಟು. ಲೋಹದ ಪಟ್ಟಿಯ ಅಡಿಯಿಂದ ನೀರು ಹೊರಗೆ ಹೋಗುವುದು ಕಷ್ಟ, ಆದ್ದರಿಂದ ಫೆವಿಕಾಲ್ ಜಾರುತ್ತಾ ಇರುತ್ತದೆ. ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಕಿಟಕಿ ತೆರೆದಿಡಿ, ಅದರ ವಾಸನೆಗೆ ತಲೆ ತಿರುಗುತ್ತದೆ. ಬಣ್ಣದ ಮೇಲೆ ಕಪ್ಪು ಹಸಿರಿನ ತೆಳು ನೀರು ಹರಿಸಿ, ಪಾಚಿ ಹಿಡಿಯದ ಹಂಚು ಇಲ್ಲಿ ಯಾರ ಮನೆಯಲ್ಲಿದೆ.

ಹುಲ್ಲಿಗೆ ಈಗ ಎಲ್ಲರೂ ಸ್ಟ್ಯಾಟಿಕ್ ಗ್ರಾಸ್ ಹಾಕುತ್ತಾರೆ. ನೈಲಾನ್ ಎಳೆಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ಉದುರಿಸಿದರೆ ಹಸಿ ಅಂಟಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ಅದರ ಯಂತ್ರ ದುಬಾರಿ, ಆದರೆ ಸೊಳ್ಳೆ ಬ್ಯಾಟಿನ ಒಳಗಿನ ಸರ್ಕ್ಯೂಟೇ ಸಾಕು. ಒಂದು ತಂತಿ ಸ್ಟೀಲ್ ಚಾ ಜರಡಿಗೆ, ಇನ್ನೊಂದು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ. ಬ್ಯಾಟರಿಯದ್ದೇ ಆದರೂ ಒಳ್ಳೆ ಶಾಕ್ ಹೊಡೆಯುತ್ತದೆ, ಬಟನ್ ಬಿಟ್ಟ ಮೇಲೂ ಎರಡು ತಂತಿ ತಾಗಿಸಿ ಖಾಲಿ ಮಾಡದೆ ಮುಟ್ಟಬೇಡಿ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ತೇವದ ಗಾಳಿಯಲ್ಲಿ ಚಾರ್ಜ್ ಸೋರಿಹೋಗಿ ಎಳೆಗಳು ಗುಂಪು ಗುಂಪಾಗಿ ಮಲಗುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಮಧ್ಯಾಹ್ನದ ಹೊತ್ತು ಮಾಡಿ. ಉಳಿದ ತಿಂಗಳಲ್ಲಿ ತೆಂಗಿನ ನಾರು ಕತ್ತರಿಸಿ ಕುಚ್ಚು ಕುಚ್ಚಾಗಿ ನೆಡಿ, ಗೇಣುದ್ದದ ಒಣ ಹುಲ್ಲಿಗೆ ಅದಕ್ಕಿಂತ ಚೆನ್ನಾದ್ದು ಯಾವ ಪ್ಯಾಕೆಟ್‌ನಲ್ಲೂ ಇಲ್ಲ. ಕಂಪೌಂಡ್ ಗೋಡೆಯ ಪಾಚಿ ಕಿತ್ತು ತರುವವರೂ ಇದ್ದಾರೆ. ನೋಡಲು ಚಂದ, ಒಣಗಿದ ಮೇಲೆ ಕಂದು, ಮುಂದಿನ ಮಳೆಗೆ ಬೂಸ್ಟು. ಗ್ಲಿಸರಿನ್‌ನಲ್ಲಿ ನೆನೆಸಿದರೆ ಹಸಿರು ಉಳಿಯುತ್ತದೆ ಅನ್ನುತ್ತಾರೆ, ಆದರೆ ಗ್ಲಿಸರಿನ್ ತೇವ ಎಳೆಯುವ ವಸ್ತು, ಇಲ್ಲಿ ಅದು ಸದಾ ಜಿಗುಟು.

ತೆಂಗಿನ ಮರ ಇಲ್ಲದೆ ನಮ್ಮ ಲೇಔಟ್ ಇಲ್ಲ, ಪೈನ್ ಮರದ ಪ್ಯಾಕೆಟ್ ಇಟ್ಟುಕೊಂಡು ಏನು ಮಾಡುವುದು. 20 ಮೀಟರ್ ತೆಂಗು ಅಂದ್ರೆ 23 ಸೆಂ.ಮೀ. ಹಳೆಯ ವೈರಿಂಗ್‌ನ ದಪ್ಪ ತಾಮ್ರದ ತಂತಿಗೆ ಬಿಳಿ ಅಂಟು ಸವರಿ ಹೊಲಿಗೆ ನೂಲು ಸುತ್ತಿ, ಬುಡದಲ್ಲಿ ಸ್ವಲ್ಪ ದಪ್ಪ. ಗರಿಗೆ ಹಸಿರು ಬಳಿದ ಕಾಗದ, ಆರು ಸೆಂ.ಮೀ. ಉದ್ದ, ನಡುವೆ ಸಪೂರ ತಂತಿ ಅಂಟಿಸಿ ಮಡಚಿ, ಕತ್ತರಿಯನ್ನು ತುದಿಯ ಕಡೆ ಓರೆಯಾಗಿ ಹಿಡಿದು ಸಪೂರ ಸಪೂರ ಕತ್ತರಿಸಿ. ತಲೆಗೆ ಸೇರಿಸಲು ಸೂಪರ್ ಗ್ಲೂ ಜೆಲ್. ಒಂದೆರಡು ಗರಿ ಒಣಗಿ ಕಂದಾಗಿ ಜೋತುಬಿದ್ದಿರಲಿ, ಎಲ್ಲ ಹಸಿರಾಗಿದ್ದರೆ ರೆಸಾರ್ಟ್ ಆಗಿಬಿಡುತ್ತದೆ. ಅಡಿಕೆ ತೋಟದ ಆಸೆ ಇದ್ದರೆ ಮೊದಲು ಲೆಕ್ಕ ಹಾಕಿ: ಗಿಡದಿಂದ ಗಿಡಕ್ಕೆ 2.7 ಮೀಟರ್ ಅಂದ್ರೆ 31 ಮಿ.ಮೀ., ಒಂದು ಚದರ ಅಡಿ ಜಾಗಕ್ಕೆ ನೂರು ಮರದ ಹತ್ತಿರ ಬರುತ್ತದೆ. ಎದುರಿಗೆ ಎರಡು ಸಾಲು ನೆಟ್ಟು, ಹಿಂದೆ ಕಾಂಡಗಳನ್ನು ಹಲಗೆಯ ಮೇಲೆ ಬರೆದುಬಿಡಿ. ತೋಟದೊಳಗೆ ಯಾವಾಗಲೂ ಕತ್ತಲೆಯೇ ತಾನೆ.

ಹೊಳೆ ಕೊನೆಗೆ ಮಾಡಿ, ಅದೂ ಚಳಿಗಾಲದಲ್ಲೇ. ಎಪಾಕ್ಸಿ ಮಳೆಗೆ ಹೆದರುವುದಿಲ್ಲ ಅಂತ ಮೇಲೆ ಹೇಳಿದೆ, ಗಟ್ಟಿಯಾಗುವ ಮಟ್ಟಿಗೆ ಅದು ನಿಜ. ಆದರೆ ತೇವದ ಗಾಳಿಯಲ್ಲಿ ಅದರ ಹಾರ್ಡನರ್ ಮೇಲ್ಮೈಯಲ್ಲಿ ಜಿಡ್ಡು ಜಿಡ್ಡಾದ, ಮಬ್ಬಾದ ಪದರ ಬಿಡುತ್ತದೆ. ಅಂಟಿಸುವ ಕೆಲಸದಲ್ಲಿ ಅದು ಕಾಣುವುದಿಲ್ಲ, ಹೊಳೆಯಲ್ಲಿ ಕಾಣುವುದೇ ಅದು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೆ ಸ್ವಲ್ಪ ಹೋಗುತ್ತದೆ. ಹೊಯ್ಯುವ ಮೊದಲು ತಳದ ಪ್ರತಿ ಬಿರುಕಿಗೂ ಬಿಳಿ ಅಂಟು ತುಂಬಿ ಪೂರ್ತಿ ಆರಲು ಬಿಡಿ, ರೆಸಿನ್‌ಗೆ ಸೂಜಿ ತೂತು ಸಿಕ್ಕಿದರೂ ಇಳಿದುಹೋಗುತ್ತದೆ. ಮೂರು ಮಿ.ಮೀ.ಗಿಂತ ದಪ್ಪ ಒಂದೇ ಸಲ ಹೊಯ್ಯಬೇಡಿ, ಗಟ್ಟಿಯಾಗುವಾಗ ಬಿಸಿ ಏರುತ್ತದೆ. ಬಣ್ಣ ರೆಸಿನ್‌ನಲ್ಲಲ್ಲ, ತಳದಲ್ಲಿರಬೇಕು: ದಂಡೆಗೆ ಮಣ್ಣಿನ ಬಣ್ಣ, ನಡುವೆ ಕಪ್ಪು ಹಸಿರು. ನೀಲಿ ಮಾತ್ರ ಬೇಡ, ಉಳ್ಳಾಲದ ಸೇತುವೆಯಿಂದ ನೇತ್ರಾವತಿ ನೋಡಿದವರಿಗೆ ಅದು ಯಾಕೆ ಅಂತ ಗೊತ್ತು. ಮಳೆಗಾಲದ ಕೆನ್ನೀರು ಬೇಕಿದ್ದರೆ ಜಾಲಿಸಿದ ಕೆಂಪು ಮಣ್ಣಿನ ಹುಡಿ ಒಂದು ಚಿಟಿಕೆ ರೆಸಿನ್‌ಗೇ ಬೆರೆಸಿ, ಇದೊಂದಕ್ಕೆ ವಿನಾಯಿತಿ. ನನ್ನ ಹೊಳೆಗೆ ಇನ್ನೂ ರೆಸಿನ್ ಬಿದ್ದಿಲ್ಲ, ಜನವರಿಗೆ ಕಾಯುತ್ತಿದ್ದೇನೆ. ಅಷ್ಟರೊಳಗೆ ಸುರತ್ಕಲ್‌ನಿಂದ ಲಾರಿಗಳನ್ನು ಹೊತ್ತು ಹೋಗುವ ರೋ-ರೋ ರೈಲಿಗೆ ಲಾರಿಗಳ ಟರ್ಪಾಲು ಮುಗಿಸಬೇಕು. ಟಿಶ್ಯೂ ಪೇಪರ್, ನೀರು ಬೆರೆಸಿದ ಫೆವಿಕಾಲ್, ಪಕ್ಕದಲ್ಲಿ ಟೇಬಲ್ ಫ್ಯಾನ್.